ಟವರ್ ಇಲ್ಲದ ಕಾಡಿನಲ್ಲಿ ನಿನ್ನ ಗಡಿಯಾರ

ಖಾನಾಪುರ
14 ಆಗಸ್ಟ್ 2025

ಮನಿಷಾ ಅಕ್ಕಾ,

ನಾಲ್ಕು ವರ್ಷದಿಂದ ಮಾತು ಬಿಟ್ಟಿರುವ ನಿನ್ನ ತಮ್ಮ ಸಂಜಯ ಬರೆಯುತ್ತಿದ್ದೇನೆ. ಹರಿದು ಒಗೆಯಬೇಡ, ಪೂರ್ತಿ ಓದು. ಫೋನಿನಲ್ಲಿ ಇಷ್ಟೆಲ್ಲ ಹೇಳುವ ಧೈರ್ಯ ನನಗಿಲ್ಲ. ಅವ್ವ ಆರಾಮ ಇದ್ದಾಳೆ. ಮೊಣಕಾಲು ನೋವೆಂದು ಗೊಣಗುತ್ತಲೇ ಇಬ್ಬರ ಕೆಲಸ ಮಾಡುತ್ತಾಳೆ.

ನಾನು ಈಗಲೂ ಆಂಬುಲೆನ್ಸ್ ಓಡಿಸುತ್ತೇನೆ. ಹೋದ ವಾರ ಮಂಗಳವಾರ ಮುಂಜಾನೆ, ಅಣಬೆ ಆರಿಸಲು ಕಾಡಿಗೆ ಹೋಗಿದ್ದ ಭರಮವ್ವ ಎಂಬಾಕೆಗೆ ಹಾವು ಕಚ್ಚಿತು. ಫಾರೆಸ್ಟ್ ವಾಚರ್ ಲಕ್ಷ್ಮಪ್ಪ ಆಕೆಯನ್ನು ಕಚ್ಚಾ ರಸ್ತೆಯವರೆಗೆ ಹೊತ್ತು ತಂದು, ತನ್ನ ಜಿಪಿಎಸ್ ಯಂತ್ರ ನೋಡಿ, ವೈರ್‌ಲೆಸ್‌ನಲ್ಲಿ ತಮ್ಮ ಆಫೀಸಿಗೆ ಆ ಜಾಗದ ಗುರುತಿನ ಎರಡು ಉದ್ದನೆಯ ಸಂಖ್ಯೆ ಹೇಳಿದ. ಅಲ್ಲಿಂದ ನನಗೆ ಬಂದ ಅವನ್ನು ಫೋನಿಗೆ ಹಾಕಿಕೊಂಡು ಹೊರಟೆ.

ಮಳೆ, ಮಂಜು. ಹತ್ತು ಹೆಜ್ಜೆ ಮುಂದಿನದು ಕಾಣದು. ಟವರ್ ಅಂತೂ ಇಲ್ಲವೇ ಇಲ್ಲ. ಆದರೂ ಮೊದಲೇ ಇಳಿಸಿಕೊಂಡಿದ್ದ ನಕ್ಷೆಯ ಮೇಲೆ ನೀಲಿ ಚುಕ್ಕಿ ಸರಿಯುತ್ತಲೇ ಇತ್ತು. ದಾರಿ ಎರಡಾಗಿ ಒಡೆದ ಕಡೆ ಬಾಜೂಕ ಕೂತಿದ್ದ ನರ್ಸ್ ಮೇಘಾ ಫೋನ್ ನೋಡಿ, "ಅಣ್ಣಾ, ಎಡಕ್ಕ ಹೊಳ್ಳಸ್ರಿ, ಇನ್ನ ಇನ್ನೂರು ಮೀಟರ್ ಐತಿ" ಎಂದಳು. ನನ್ನ ಕಣ್ಣಿಗೆ ಬಲಗಡೆಯದೇ ಸರಿ ಅನಿಸಿತ್ತು. ಚುಕ್ಕಿಯನ್ನು ನಂಬಿ ಎಡಕ್ಕೆ ಹೊಳ್ಳಿಸಿದೆ. ಲಕ್ಷ್ಮಪ್ಪ ಟಾರ್ಚ್ ಬೀಸುತ್ತ ನಿಂತಿದ್ದ. ವಿಷ ಏರಿ ಭರಮವ್ವನ ಕಣ್ಣೆವೆಗಳು ಆಗಲೇ ಜೋತು ಬಿದ್ದಿದ್ದವು. ಬೆಳಗಾವಿ ಮುಟ್ಟಿಸಿದಾಗ ಡಾಕ್ಟರು, "ಇನ್ನ ಅರ್ಧಾ ತಾಸು ತಡಾ ಆಗಿದ್ರ ಜೀವ ಕೈ ಬಿಟ್ಟು ಹೋಗ್ತಿತ್ತು" ಎಂದರು. ನಾಲ್ಕನೇ ದಿನ ಆಕೆ ಎದ್ದು ಕೂತು ಚಹಾ ಕುಡಿದಳು.

ಟವರ್ ಇಲ್ಲದೆ ಫೋನಿಗೆ ಜಾಗ ಹೇಗೆ ತಿಳಿಯಿತು? ತಲೆಯಿಂದ ಹೋಗಲೊಲ್ಲದು. ಹಿಂಡಲಗಾಕ್ಕೆ ಹೋಗಿ ನಮ್ಮ ಸಾಲಿಯ ಬಸಲಿಂಗಪ್ಪ ಮಾಸ್ತರರನ್ನು ಕೇಳಿದೆ. "ಗಡಿಯಾರ ತೋರಿಸ್ತೋ ಸಂಜ್ಯಾ, ಗಡಿಯಾರ" ಎಂದು ನಕ್ಕರು.

ಉಪಗ್ರಹ ತಾನು ಸಂದೇಶ ಬಿಟ್ಟ ಹೊತ್ತನ್ನು ಅದರಲ್ಲೇ ಹೇಳಿ ಕಳಿಸುತ್ತದಂತೆ. ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತೋ ಅದರಿಂದ ಫೋನು ದೂರ ಅಳೆಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಾವು ನಿಂತ ಜಾಗ ತಿಳಿಯುತ್ತದೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಅಳತೆ ಮುನ್ನೂರು ಮೀಟರ್ ತಪ್ಪುತ್ತದೆ. ಹಾಗೆ ತಪ್ಪಿದ್ದರೆ ನಾನು ಬಲಕ್ಕೇ ಹೋಗಿರುತ್ತಿದ್ದೆ ಅಕ್ಕಾ.

ಸಾದಾ ಗಡಿಯಾರದ ಲೋಲಕ, ಸ್ಪ್ರಿಂಗು ಸವೆಯುತ್ತವೆ, ಸೆಕೆಗೆ ಹಿಗ್ಗುತ್ತವೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಡುತ್ತಾರಂತೆ. ಸೀಸಿಯಂ ಎಂಬ ಲೋಹದ ಪರಮಾಣು ಸವೆಯುವುದಿಲ್ಲ, ಎಲ್ಲಿಯದಾದರೂ ಒಂದೇ ಥರ. ಸರಿಯಾದ ಕಂಪನದ ಅಲೆ ತಾಗಿದರಷ್ಟೇ ಅದು ತನ್ನ ಸ್ಥಿತಿ ಬದಲಿಸುತ್ತದೆ. ಎಷ್ಟು ಪರಮಾಣು ಬದಲಾದವೆಂದು ನೋಡುತ್ತ ಅಲೆಯನ್ನು ತಿದ್ದುತ್ತಲೇ ಇರಬೇಕು. ಆ ಅಲೆ 919 ಕೋಟಿಗೂ ಹೆಚ್ಚು ಸಲ ಕಂಪಿಸಿದರೆ ಒಂದು ಸೆಕೆಂಡು. ಬ್ಯಾಂಕು, ಕರೆಂಟು, ಫೋನು ಎಲ್ಲ ಇದೇ ಹೊತ್ತಿಗೆ ಹೊಂದಿಕೊಂಡು ನಡೆಯುತ್ತವಂತೆ.

"ಇದನ್ನ ನನಗ್ಯಾಕ ಕೇಳ್ತಿ? ಅಹಮದಾಬಾದಿನ್ಯಾಗ ನಿಮ್ಮಕ್ಕ ಮಾಡೂದು ಇದಽ ಗಡಿಯಾರದ ಕೆಲಸ" ಎಂದರು ಮಾಸ್ತರರು.

ಆ ಮುಂಜಾನೆ ಸಿಕ್ಕಿದ್ದು ನೀನು ಪರೀಕ್ಷೆ ಮಾಡಿದ ಗಡಿಯಾರವೋ, ಬೇರೆ ದೇಶದ್ದೋ ಹೇಳಲು ಬರುವುದಿಲ್ಲವಂತೆ. ಯಾರದಿದ್ದರೇನು, ನಿನ್ನಂಥವರು ಕಣ್ಣು ನೆಟ್ಟು ಕಾದದ್ದೇ ತಾನೇ. ಹಿಂದೊಮ್ಮೆ ನೀನು ಇದನ್ನೆಲ್ಲ ಹೇಳಹೊರಟಾಗ ನಾನು ಊಟದ ತಾಟು ಬಿಟ್ಟು ಎದ್ದಿದ್ದೆ. ನಾಲ್ಕು ವರ್ಷದ ಹಿಂದೆ ಅಪ್ಪನ ಮಣ್ಣಾದ ಮರುದಿನ ನೀನು ಬಂದಾಗ, "ಗಡಿಯಾರ ನೋಡಾಕ ಪಗಾರ ತಗೊಳ್ಳಾಕಿಗೆ ಅಪ್ಪನ ಕಡೀ ಗಳಿಗಿ ತಿಳೀಲಿಲ್ಲೇನು?" ಎಂದು ನಾನು ಹತ್ತು ಮಂದಿ ಎದುರು ಅಂದೆ. ನೀನು ಚೀಲ ಎತ್ತಿಕೊಂಡು ಹೋದೆ. ಅದು ತಪ್ಪಾಯಿತು.

ನೀನು ನನ್ನ ಅಕ್ಕ ಎಂದು ಈಗ ಆಂಬುಲೆನ್ಸ್ ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ ತಮ್ಮ
ಸಂಜಯ

ತಾ.ಕ.: ಅಪ್ಪ ತಾನು ಹೋಗುವ ಎರಡು ದಿನ ಮೊದಲು, ಸೋಮವಾರ ಮುಂಜಾನೆಯೇ "ಮನಿಷಾಗ ಫೋನ್ ಹಚ್ಚು" ಎಂದಿದ್ದ. ನಾನು ಹಚ್ಚಲಿಲ್ಲ. ನೀನು ಬಂದರೆ ಅಪ್ಪ ನಿನ್ನ ಮುಖವನ್ನೇ ನೋಡುತ್ತಾನೆ, ವರ್ಷವೆಲ್ಲ ಬಾಜೂಕ ಇದ್ದ ನನ್ನನ್ನಲ್ಲ ಅನಿಸಿತ್ತು. ಬುಧವಾರ ಅವನು ಹೋದ ಮೇಲೆ ಹಚ್ಚಿದೆ. ಅವ್ವನಿಗೂ ಇದು ಗೊತ್ತಿರಲಿಲ್ಲ. ಈ ಪತ್ರ ಅಂಚೆಗೆ ಹಾಕುವ ಮೊದಲು ಅವಳ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಇನ್ನೂ ನನ್ನ ಸಂಗಡ ಮಾತಾಡಿಲ್ಲ.