ದುಬೈಗೆ ಎರಡು ದಿನ

ಮಳವಳ್ಳಿ
ಸೋಮವಾರ, ೭–೬–೧೯೭೬

ನನ್ನವರಿಗೆ, ಚೂಡಾಮಣಿ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ರೂಢಿಯಂತೆ ಬರೆಯಬೇಕು, ಬರೆದಿದ್ದೇನೆ. ಅಲ್ಲಿ ನೀವು ಗಾಬರಿಯಾಗುವುದು ಬೇಡ. ಸದ್ಯಕ್ಕೆ ಗಾಬರಿಯೆಲ್ಲ ನನ್ನೊಬ್ಬಳ ಪಾಲಿಗೇ ಇರಲಿ.

ನಿಮ್ಮ ಕಾಗದ ಶನಿವಾರ ಬಂತು. ಆ ಮರಳುಗಾಡಿನ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿ ಸ್ಟೋರಿನ ಬೀಗದ ಕೈ ಹಿಡಿದು ಕೂತವರಿಗೆ ಕೊನೆಗೂ ಎರಡು ದಿನ ರಜ ಸಿಕ್ಕಿತಲ್ಲ. ಗೆಳೆಯರೆಲ್ಲ ಸೇರಿ ಬರುವ ವಾರ ಗುರುವಾರ ದುಬೈಗೆ ಹೊರಡುವುದು, ದೋಣಿಯಲ್ಲಿ ಆಚೆ ದಡಕ್ಕೆ ದಾಟಿ ಚಿನ್ನದ ಬಜಾರು ನೋಡುವುದು, ಸಮುದ್ರ ಕಾಣುವ ಹೋಟೆಲಿನಲ್ಲಿ ಉಳಿಯುವುದು, ಹದಿನೆಂಟನೇ ತಾರೀಕು ಶುಕ್ರವಾರ ಬೆಳಿಗ್ಗೆ ಎಲ್ಲರೂ ಸಮುದ್ರಸ್ನಾನಕ್ಕೆ ಇಳಿಯುವುದು. ಮುಂದೊಂದು ದಿನ ಅದೇ ಹೋಟೆಲಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಬೇರೆ ಬರೆದಿದ್ದೀರಿ. ಶಿವನಸಮುದ್ರದ ಹೆಸರಲ್ಲಿ ಬಿಟ್ಟರೆ ಸಮುದ್ರವನ್ನೇ ಕಾಣದವಳು ನಾನು. ಓದಿ ಹಿಗ್ಗಿಬಿಟ್ಟೆ.

ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಎಂದಿನಂತೆ ನಿಮ್ಮ ಅಮ್ಮನಿಗೆ ಕಾಗದ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಸಮುದ್ರಸ್ನಾನ ಎಂದ ಕೂಡಲೇ ಅವರು ಬಿಡಿಸುತ್ತಿದ್ದ ಹುಣಸೆಹಣ್ಣನ್ನು ಮೊರದಲ್ಲೇ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ನನ್ನ ಹೊಟ್ಟೆ ನೋಡಿದರು.

ಇನ್ನು ಮುಚ್ಚಿಟ್ಟು ಫಲವಿಲ್ಲ. ನನಗೀಗ ಐದನೇ ತಿಂಗಳು. ನೀವು ವಿಮಾನ ಹತ್ತಿದ ಮೇಲೆಯೇ ನನಗೂ ಗೊತ್ತಾದದ್ದು. ಐದು ತುಂಬುವವರೆಗೆ ಯಾರಿಗೂ ಹೇಳಕೂಡದು, ದೃಷ್ಟಿಯಾಗುತ್ತದೆ, ರಂಗನಿಗೂ ಬರೆಯಬೇಡ ಎಂದು ಅಮ್ಮ ಬಾಯಿ ಕಟ್ಟಿಹಾಕಿದರು. ನಾನೂ ಒಪ್ಪಿದೆ. ಹಿಂದಿನ ಎರಡು ಸಲ ಬಸಿರು ಕೈಜಾರಿದಾಗ ನಿಮ್ಮನ್ನು ನೋಡಿದ್ದೇನಲ್ಲ. ಮೊದಲನೆಯ ಸಲ, ನೆಂಟರ ಮದುವೆಗೆಂದು ನಿನ್ನನ್ನು ಬಸ್ಸಿನಲ್ಲಿ ಕಿರುಗಾವಲಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು ಎಂದಿರಿ. ಆ ಒಂದು ಮಾತನ್ನು ಎಷ್ಟು ವರ್ಷ ಹೇಳಿದಿರಿ! ಊಟಕ್ಕೆ ಕೂತರೆ ಅದೇ, ಮಲಗಿದರೆ ಅದೇ. ಬಸ್ಸಿನದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿ ಹೋಯಿತು.

ಈಗ ಅಮ್ಮನ ಮಾತು ಕೇಳಿ. ಬಸುರಿಯ ಗಂಡ ಮರ ಕಡಿಯಬಾರದಂತೆ, ಹೆಣಕ್ಕೆ ಹೆಗಲು ಕೊಡಬಾರದಂತೆ, ಪರದೇಶಕ್ಕೆ ಹೋಗಬಾರದಂತೆ, ಸಮುದ್ರದಲ್ಲಿ ಮೀಯಬಾರದಂತೆ. ಪರದೇಶಕ್ಕೆ ಹೋಗಿ ಆಯಿತಲ್ಲ ಅಂದೆ. ಗೊತ್ತಾಗುವ ಮೊದಲೇ ಹೋದವನಿಗೆ ಅದು ತಗಲುವುದಿಲ್ಲ ಎಂದು ತೀರ್ಪು ಕೊಟ್ಟರು. ಶಾಸ್ತ್ರಕ್ಕೂ ಮಗನ ಮೇಲೆ ಮಮತೆ ಇರುತ್ತದೆ ನೋಡಿ. ಸಮುದ್ರದ ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. “ಅವನು ನೀರಿಗಿಳಿದರೆ ಇದೂ ನಿಲ್ಲೋದಿಲ್ಲ ಕಣೇ” ಎಂದರು. ಹೇಳಬೇಡ ಎಂದವರೂ ಅವರೇ, ಇಳಿಯಬಾರದು ಎನ್ನುವವರೂ ಅವರೇ. ಹೇಳದೆ ಹೋದರೆ ಇಳಿಯಬಾರದೆಂದು ನಿಮಗೆ ತಿಳಿಯುವುದಾದರೂ ಹೇಗೆ? ಇದನ್ನು ಕೇಳಿದ್ದಕ್ಕೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗಿನಿಂದ ಅವರ ಗಂಟಲಲ್ಲಿ ಒಂದು ತುತ್ತು ಸರಿಯಾಗಿ ಇಳಿದಿಲ್ಲ.

ಬಂಡೂರಿನಿಂದ ಮೊಸರು ತರುವ ಅಂಕಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ, ನಾನು ಮೊಸರಿಗೆ ಮೂಗು ಮುಚ್ಚಿದ ದಿನವೇ ತಿಳಿದುಕೊಂಡಿದ್ದಳು. ಅಮ್ಮನ ಅಳು ನೋಡಿ ನಕ್ಕುಬಿಟ್ಟಳು. “ನೀರ್ಗೇನ್ ಗೊತ್ತಾದದು ಕಣವ್ವ, ಯಾರ ಎಂಡ್ರು ಬಸುರಿ ಅಂತ? ಸುಮ್ಕೆ ಉಂಡು ಮನೀಕಳಿ” ಎಂದಳು. ನಾನೂ ನಕ್ಕೆ. ಅವಳು ಬೀದಿ ತಿರುಗುವವರೆಗೆ ನಕ್ಕು, ಬಾಗಿಲು ಹಾಕಿಕೊಂಡು ಅತ್ತೆ.

ನೀವು ನಗುತ್ತೀರಿ, ಗೊತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಗ್ರಹಣದ ದಿನ ಅಮ್ಮನ ಕಣ್ಣು ತಪ್ಪಿಸಿ ಚಕ್ಕುಲಿ ತಿಂದವಳು ಇವಳೇನಾ ಎನ್ನುತ್ತೀರಿ. ಇವಳೇ. ಹೆದರಿಕೆಗೆ ಡಿಗ್ರಿ ತೋರಿಸಿದರೆ ಅದು ಎದ್ದು ಹೋಗುವುದಿಲ್ಲ. ಮಗು ಮಿಸುಕಿದರೆ ಹೆದರಿಕೆ, ಮಿಸುಕದಿದ್ದರೆ ಇನ್ನೂ ಹೆದರಿಕೆ. ಇದರ ಮೇಲೆ ನಿಮ್ಮ ಈಜಿನ ಚಿಂತೆ ಬೇರೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಕಲಿತ ಈಜು ಸಮುದ್ರದಲ್ಲಿ ನಡೆಯುತ್ತದೆಯೇ?

ತಂತಿ ಕಳಿಸೋಣ ಎಂದುಕೊಂಡೆ. ತಂತಿ ಎಂದರೆ ನಮ್ಮಲ್ಲಿ ಒಡೆಯುವ ಮೊದಲೇ ಅಳು ಶುರುವಾಗುತ್ತದೆ. ನೀವೂ ಈ ಊರಿನವರೇ, ಅದನ್ನು ಕೈಯಲ್ಲಿ ಹಿಡಿದು ಏನೇನು ನೆನೆಯುತ್ತೀರೋ. ಅದಕ್ಕೇ ಈ ಕಾಗದ. ಬರುವ ವಾರ ನೀವು ಹೊರಡುವ ಮೊದಲು ನಿಮ್ಮ ಕೈ ಸೇರಿದರೆ ನನ್ನ ಪುಣ್ಯ.

ದುಬೈಗೆ ಹೋಗಬೇಡಿ ಎನ್ನುತ್ತಿಲ್ಲ, ಖಂಡಿತ ಹೋಗಿ. ದೋಣಿ ಹತ್ತಬಹುದು, ಅಮ್ಮನನ್ನು ಕೇಳಿದ್ದೇನೆ. ಬಹಳ ಹೊತ್ತು ಯೋಚಿಸಿ, ಕೈ ನೀರಿಗೆ ಹಾಕದಿದ್ದರೆ ಸರಿ ಎಂದರು. ಬಜಾರು ನೋಡಿ, ಏನೂ ಕೊಳ್ಳಬೇಡಿ. ಕೂಸಿಗೆ ಮುಂಚಿತವಾಗಿ ಏನನ್ನೂ ತರುವ ಹಾಗಿಲ್ಲ. ಬೆಳಿಗ್ಗೆ ಅವರೆಲ್ಲ ನೀರಿಗಿಳಿದಾಗ ನೀವು ಬೂಟು ಬಿಚ್ಚದೆ ಮರಳ ಮೇಲೆ ಕೂತಿರಿ. ಗೆಳೆಯರು ಹಾಸ್ಯ ಮಾಡಿದರೆ ನೆಗಡಿ ಎನ್ನಿ. ಸಮುದ್ರ ಹೇಗೆ ಸದ್ದು ಮಾಡುತ್ತದೆ ಎಂದು ನನಗೆ ಬರೆಯಿರಿ.

ಕಾಗದ ತಡವಾಗಿ, ನೀವು ಆಗಲೇ ಇಳಿದುಬಿಟ್ಟಿದ್ದರೆ ನನಗೆ ನಿಜ ಬರೆಯಿರಿ. ಓದಿ ಹೇಳುವವಳು ನಾನೇ ತಾನೇ, ಅಮ್ಮನಿಗೆ ಇಳಿಯಲಿಲ್ಲ ಎಂದೇ ಓದುತ್ತೇನೆ.

ಇಂತಿ, ನಿಮ್ಮ ದಾರಿ ಕಾಯುತ್ತಿರುವ
ಚೂಡಾಮಣಿ

ತಾ.ಕ.: ಮಂಡ್ಯ, ಬುಧವಾರ. ಈ ಕಾಗದವನ್ನು ಸೋಮವಾರ ಅಂಚೆಗೆ ಹಾಕಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ನನಗೆ ರಕ್ತ ಕಾಣಿಸಿತು. ಅಮ್ಮ ಬಾಡಿಗೆ ಕಾರು ಮಾಡಿಸಿ ಇಲ್ಲಿನ ಆಸ್ಪತ್ರೆಗೆ ಕರೆತಂದರು. ಮಗು ಇದೆ. ಉಳಿಯುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ, ಏಳಬೇಡ ಎಂದಷ್ಟೇ ಹೇಳುತ್ತಾರೆ. ಮಲಗಿಕೊಂಡೇ ಬರೆಯುತ್ತಿದ್ದೇನೆ. ಮೊದಲು ಈ ಕಾಗದವನ್ನು ಹರಿದುಹಾಕೋಣ ಎನಿಸಿತು. ಆಮೇಲೆ, ನಿಮಗೆ ತಾರೀಕು ತಿಳಿದಿರಲಿ ಎಂದು ಕಳಿಸುತ್ತಿದ್ದೇನೆ. ಇದು ಶುರುವಾದದ್ದು ಎಂಟನೇ ತಾರೀಕು. ಆಗಿನ್ನೂ ನೀವು ದುಬೈಗೆ ಹೊರಟೇ ಇರಲಿಲ್ಲ. ಮುಂದೆ ಏನೇ ಆಗಲಿ, ಅಮ್ಮನೇ ಏನಾದರೂ ಅನ್ನಲಿ, ಇದನ್ನು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. ಇಷ್ಟೆಲ್ಲ ತಿಳಿದೂ ಕೇಳುತ್ತಿದ್ದೇನೆ, ಶುಕ್ರವಾರ ನೀರಿಗೆ ಇಳಿಯಬೇಡಿ.