ನೋಟಿಸಿನ ಮೇಲೆ ಕೂತವರ ಪರವಾಗಿ

ಮಾನ್ಯ ನಗರಾಭಿವೃದ್ಧಿ ಅಧಿಕಾರಿಗಳೇ,

ಬೆಳಗಿನ ಜಾವ ಮೂರೂವರೆ. ಕುಂಯ್ ಕುಂಯ್ ಎನ್ನುತ್ತ ಹಿಮ್ಮುಖವಾಗಿ ಬಂದ ನಿಮ್ಮ ಬುಲ್ಡೋಜರ್ ನನ್ನ ಕಿಟಕಿಯ ಕೆಳಗೆ ನಿಂತಿತು. ಎಬ್ಬಿಸಿದ್ದಕ್ಕೆ ಕ್ಷಮೆ ಕೇಳಬೇಡಿ. ಹಲ್ಲು ಬರುತ್ತಿರುವ ಮಗುವಿನ ತಾಯಿ ನಿದ್ದೆ ಮಾಡುವುದು ಹೆಸರಿಗಷ್ಟೇ. ಬೆಳಗಾದೊಡನೆ ಆ ಬುಲ್ಡೋಜರ್ ನಮ್ಮ ಬೀದಿಯಲ್ಲಿ, ನನ್ನ ಕಿಟಕಿಗೆ ತಾಗಿಕೊಂಡಿರುವ ಕಲ್ಲುಬೆಂಚನ್ನು ಕಿತ್ತು ಹಾಕಲಿದೆ. ಬೇಡ ಎಂದು ಹೇಳಲು, ಮಗುವನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಹೆಬ್ಬೆರಳಿನಲ್ಲಿ ನಿಮ್ಮ ಕಚೇರಿಯ ಫೇಸ್‌ಬುಕ್ ಪುಟದಲ್ಲೇ ಇದನ್ನು ಬರೆಯುತ್ತಿದ್ದೇನೆ. ಊರವರೂ ಓದಲಿ.

ನಿಮ್ಮ ದೂರದೃಷ್ಟಿಗೆ ನಾವು ಮಾರುಹೋಗಿದ್ದೇವೆ. ಕಳೆದ ವರ್ಷ ನಾವೆಲ್ಲ ಕೂತಿದ್ದಾಗ ಇದೇ ಬೆಂಚಿನ ಫೋಟೋ ತೆಗೆಸಿ, ‘ಸಣ್ಣ ನಗರ, ದೊಡ್ಡ ಮನಸ್ಸು’ ಎಂದು ಬರೆಸಿ, ಊರಬಾಗಿಲಲ್ಲಿ ಆಳೆತ್ತರದ ಫಲಕ ನಿಲ್ಲಿಸಿದಿರಿ. ಫಲಕ ನೋಡಿದ ಪ್ರವಾಸಿಗರು ಬೆಂಚು ನೋಡಲು ಬಂದರು. ಅವರ ಜೊತೆ ಕಾರುಗಳೂ ಬಂದವು. ಕಾರು ನಿಲ್ಲಿಸಲು ಜಾಗ ಸಾಲದಾಯಿತು. ಈಗ ಬೆಂಚು ನೋಡಲು ಬಂದ ಕಾರು ನಿಲ್ಲಿಸುವುದಕ್ಕಾಗಿ ಬೆಂಚನ್ನೇ ತೆಗೆಯುತ್ತಿದ್ದೀರಿ. ಬೆಳವಣಿಗೆ ಎಂದರೆ ಇದೇ ಇರಬೇಕು. ನಾಳೆ ಬರುವವರು ಇಲ್ಲಿ ಏನು ನೋಡುತ್ತಾರೆ ಸ್ವಾಮಿ? ಒಬ್ಬರ ಕಾರನ್ನು ಇನ್ನೊಬ್ಬರು ನೋಡಿಕೊಂಡು ಹೋಗುತ್ತಾರೆಯೇ?

ಆಕ್ಷೇಪಣೆಗೆ ಅವಕಾಶ ಕೊಟ್ಟಿದ್ದೆವು ಎನ್ನುತ್ತೀರಿ. ಖಂಡಿತ ಕೊಟ್ಟಿದ್ದಿರಿ. ನಿಮ್ಮವರು ನೋಟಿಸನ್ನು ಗೋಡೆಗೆ ಅಂಟಿಸದೆ ಬೆಂಚಿನ ಮೇಲೇ, ಕೂರುವ ಜಾಗದಲ್ಲೇ ಅಂಟಿಸಿ ಹೋದರು. ಯಾವುದೋ ಜಾಹೀರಾತು ಎಂದುಕೊಂಡು ಗಡುವು ಮುಗಿಯುವ ತನಕ ನಾವೆಲ್ಲ ಅದರ ಮೇಲೆ ಕೂತು, ಊರು ಎಷ್ಟು ಚೆನ್ನಾಗಿ ಬೆಳೆಯುತ್ತಿದೆ ಎಂದು ಮಾತಾಡಿಕೊಂಡೆವು. ಕೊನೆಗೊಂದು ಸಂಜೆ, ಬೆಂಚಿಗೆ ನೀರು ಚೆಲ್ಲಿದ್ದು ಗೊತ್ತಾಗದೆ ಕೂತಿದ್ದ, ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರ್ ತಾತ ಎದ್ದಾಗ ನೋಟಿಸೂ ಅವರ ಪ್ಯಾಂಟಿಗಂಟಿಕೊಂಡು ಎದ್ದಿತು.

“ಅಲ್ಲಾಡ್ಬೇಡಿ ತಾತ, ಓದ್ತಾ ಇದೀನಿ,” ಅಂದರು ಎದುರಂಗಡಿಯ ಟೈಲರ್ ಅಕ್ಕ, ಕನ್ನಡಕ ಏರಿಸಿಕೊಂಡು.

“ಬೇಗ ಓದಮ್ಮ. ಏನಂತೆ?”

“ನಿಮ್ಮನ್ನ ತೆರವು ಮಾಡ್ತಾರಂತೆ.”

ನಗು ನಿಲ್ಲಲು ತುಂಬಾ ಹೊತ್ತಾಯಿತು. ನಿಂತ ಮೇಲೆ ನೋಟಿಸನ್ನು ಬಿಡಿಸಿ, ತೆರವಾಗುವುದು ಬೆಂಚು ಎಂದು ಪೂರ್ತಿ ಓದಿಕೊಂಡೆವು.

ಮರುದಿನ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಬಹಳ ಸಮಾಧಾನದಿಂದ, “ಚಿಂತೆ ಯಾಕೆ ಮೇಡಂ, ಬೈಪಾಸ್ ಹತ್ರ ಸಮುದಾಯ ಸಂವಾದ ಕೇಂದ್ರ ಕಟ್ಟಿಸ್ತಾ ಇದೀವಲ್ಲ. ಎಸಿ ಇದೆ. ಹೆಸರು ನೋಂದಾಯಿಸಿ ಬಂದು ಮಾತಾಡ್ಬಹುದು,” ಅಂದರು.

“ಮಗು ಅತ್ತರೆ?”

“ಹೊರಗೆ ಎತ್ಕೊಂಡು ಹೋಗ್ಬೇಕು.”

ಹೊರಗೆ ಎಂದರೆ ಎಲ್ಲಿಗೆ ಮಾನ್ಯರೇ? ನನಗೆ ಗೊತ್ತಿರುವ ‘ಹೊರಗೆ’ ಈ ಬೆಂಚು ಒಂದೇ.

ಹೊಸದಾಗಿ ಈ ಊರಿಗೆ ಬಂದಾಗ ನನಗಿಲ್ಲಿ ನರಪಿಳ್ಳೆಯ ಪರಿಚಯವಿರಲಿಲ್ಲ. ಗಂಡನಿಗೆ ರಾತ್ರಿ ಪಾಳಿ. ಅವರು ಮಲಗಿದಾಗ ನಾನು ಎದ್ದಿರುತ್ತೇನೆ, ನಾನು ಮಲಗಬೇಕಾದಾಗ ಮಗು ಎದ್ದಿರುತ್ತದೆ. ಒಂದು ಸಂಜೆ ಅವರು ಕೆಲಸಕ್ಕೆ ಹೊರಟ ಮೇಲೆ, ಒಲೆಯ ಮೇಲೆ ಹಾಲಿಟ್ಟು, ಒಣಗಿದ ಬಟ್ಟೆ ತರಲು ಅಂಗಳಕ್ಕಿಳಿದೆ. ಗಾಳಿಗೆ ಬಾಗಿಲು ಬಡಿಯಿತು, ಒಳಗಿನ ಚಿಲಕ ತಾನಾಗಿ ಬಿತ್ತು. ಒಳಗೆ ಹೊತ್ತಿ ಉರಿಯುವ ಒಲೆ, ಅಂಬೆಗಾಲಿಡುವ ಮಗು. ಹೊರಗೆ ನಾನು, ಕೈಯಲ್ಲಿ ಎರಡು ಲಂಗೋಟಿ.

ಎಷ್ಟು ಜೋರಾಗಿ ಕಿರುಚಿದೆನೋ ನನಗೇ ತಿಳಿಯದು. ಬೆಂಚಿನಲ್ಲಿದ್ದವರು ನೀವು ಯಾರು, ಯಾವ ವಾರ್ಡು ಎಂದು ಕೇಳಲಿಲ್ಲ. ಟೈಲರ್ ಅಕ್ಕ ಬಟ್ಟೆ ಅಳೆಯುವ ಮರದ ಗಜಕೋಲು ಹಿಡಿದು ಬೆಂಚಿನ ಮೇಲೆ ಹತ್ತಿದರು, ಕಿಟಕಿಯ ಸರಳಿನೊಳಗೆ ತೋಳು ತೂರಿಸಿ ಆ ಕೋಲಿನಿಂದ ಚಿಲಕ ಎತ್ತಿದರು. ಕೆಳಗೆ ಅವರ ಕಾಲು ಹಿಡಿದು ನಿಂತ ಕಂಡಕ್ಟರ್ ತಾತ, “ಹೋಲ್ಡಾನ್, ಹೋಲ್ಡಾನ್… ರೈಟ್!” ಎನ್ನುತ್ತಿದ್ದರು. ಹಾಲು ಉಕ್ಕಿ ಒಲೆ ಆರಿ, ಅಡುಗೆಮನೆಯೆಲ್ಲ ಗ್ಯಾಸಿನ ವಾಸನೆ. ಮಗು ಒಲೆಯ ಕೆಳಗೇ ಕೂತು ಸೌಟು ಚೀಪುತ್ತಿತ್ತು. ನಾನು ಗ್ಯಾಸ್ ನಿಲ್ಲಿಸಿ ಮಗುವನ್ನು ಎತ್ತಿಕೊಂಡೆ. ಅಕ್ಕ ಬೆನ್ನು ತಟ್ಟಿ, “ಗಂಡನ್ನ ಹೊರಗೆ ಹಾಕ್ಬೇಕು ಕಣೇ, ನೀನ್ಯಾಕೆ ಬಂದೆ?” ಅಂದರು. ಅತ್ತುಕೊಂಡೇ ನಕ್ಕೆ. ಅಂದಿನಿಂದ ದಿನಾ ಸಂಜೆ ಬೆಂಚಿನಲ್ಲಿ ಯಾರಿರುತ್ತಾರೋ ಅವರ ಮಡಿಲಿಗೆ ಮಗು. ನಾನು ಒಳಗೆ ಹೋಗಿ ಒಂದು ಗಂಟೆ ಸತ್ತವಳಂತೆ ಮಲಗುತ್ತೇನೆ. ಆ ಒಂದು ಗಂಟೆಯ ಬಲದಲ್ಲಿ ನಾನು ಉಳಿದ ದಿನವನ್ನು ಕಳೆಯುತ್ತೇನೆ.

ನಿಮ್ಮ ನಕ್ಷೆಯಲ್ಲಿ ಈ ಬೆಂಚಿನ ಹೆಸರು ‘ಅಡಚಣೆ’. ಇರಲಿ. ಕಾರುಗಳನ್ನು ಮೈದಾನದ ಬಳಿ ನಿಲ್ಲಿಸಲಿ. ನಾಲ್ಕು ಹೆಜ್ಜೆ ನಡೆದರೆ ಪ್ರವಾಸಿಗರು ಸವೆದು ಹೋಗುವುದಿಲ್ಲ. ಬೆಂಚು ಇದ್ದಲ್ಲೇ ಇರಲಿ.

ಈಗಷ್ಟೇ ಕಿಟಕಿಯಿಂದ ಬುಲ್ಡೋಜರಿನ ಡ್ರೈವರನ್ನು ಮಾತಾಡಿಸಿದೆ. ಅವನು ಅದೇ ಬೆಂಚಿನ ಮೇಲೆ ಟವೆಲ್ ಹಾಸಿ ಮಲಗಿದ್ದಾನೆ. “ನನಗೇನು ದ್ವೇಷವಾ ಅಕ್ಕಾ? ಸಾಹೇಬ್ರು ಒಂದು ಫೋನ್ ಮಾಡಿದ್ರೆ ಗಾಡಿ ತಿರುಗಿಸ್ಕೊಂಡು ಹೋಗ್ತೀನಿ,” ಅಂದ. ಅವನ ನಂಬರು ನಿಮ್ಮಲ್ಲಿದೆಯಂತೆ. ಮಗುವಿಗೆ ಈಗ ತಾನೇ ಕಣ್ಣು ಹತ್ತಿದೆ, ಕಿಟಕಿಯ ಕೆಳಗೆ ಅವನ ಫೋನು ಹೊಡೆದುಕೊಂಡರೆ ಏಳುವುದು ಗ್ಯಾರಂಟಿ. ಏಳಲಿ, ನಾನು ನೋಡಿಕೊಳ್ಳುತ್ತೇನೆ. ದಮ್ಮಯ್ಯ, ಬೆಳಗಾಗುವುದರೊಳಗೆ ಅವನಿಗೊಂದು ಫೋನ್ ಮಾಡಿ.

ಇಂತಿ,
ಫೋಟೋ ಕತ್ತರಿಸಿದ ಮೇಲೆ ನಿಮ್ಮ ಫಲಕದ ಎಡತುದಿಯಲ್ಲಿ ಮೊಣಕೈ ಮಾತ್ರ ಉಳಿದಿರುವ ತಾಯಿ