ಮಾದೇವಿಯ ಉಸಿರು ಮಾದೇವಿಗೇ ಇರಲಿ

ಕ್ರಿಸ್ತಶಕ 2161, ಹದಿಮೂರನೆಯ ತಿಂಗಳು, ಮದ್ದೂರು.

ಕಬಡ್ಡಿ ಲೀಗಿನ ನಿಯಮ ತಿದ್ದಲು ಸಭೆ ಸೇರಿರುವ ಹಿರಿಯರಿಗೆ, ಟೀವಿ ಮುಂದೆ ಕೂತ ನಿಮ್ಮ ಕಾಲದ ಜನಕ್ಕೂ, ಚಿಕ್ಕತಾಯಮ್ಮ ಮಾಡುವ ನಮಸ್ಕಾರ.

ತಾರೀಕು ನೋಡಿ ಮುದುಕಿಗೆ ಅರಳುಮರಳು ಅನ್ನಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಮುಗಿಯುತ್ತಿಲ್ಲವೆಂದು ನಮ್ಮ ಸರ್ಕಾರ ಇನ್ನೊಂದು ತಿಂಗಳು ಸೇರಿಸಿಕೊಂಡಿದೆ. ಈ ಕಾಗದ ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಬರುತ್ತಿದೆ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನಿಮಗೆ ವಿಚಿತ್ರವೆನಿಸುವ ಮಾತು ಬಂದರೆ ಕ್ಷಮಿಸಿ. ನಮಗೂ ಅವು ಮೊದಮೊದಲು ವಿಚಿತ್ರವೇ ಆಗಿದ್ದವು.

ನಿಮ್ಮ ಮುಂದೆ ಒಂದು ಸೂಚನೆ ಇದೆ. ದಾಳಿಗೆ ಹೋದವರು ‘ಕಬಡ್ಡಿ ಕಬಡ್ಡಿ’ ಎಂದು ಬಾಯಲ್ಲಿ ಹೇಳಬೇಕಿಲ್ಲ, ಕೊರಳಿಗೆ ಕಟ್ಟಿದ ಯಂತ್ರ ಹೇಳಿದರೆ ಸಾಕು ಎಂದು. ಉಸಿರು ಬೇಗ ಕಡಿಯುತ್ತದೆ, ದಾಳಿ ಬೇಗ ಮುಗಿಯುತ್ತದೆ, ನೋಡುವವರಿಗೆ ಬೇಜಾರು ಎಂಬುದು ನಿಮ್ಮ ವಾದ. ಆ ಯಂತ್ರಕ್ಕೆ ನಾವು ಕೊರಳುಗಿಣಿ ಅನ್ನುತ್ತೇವೆ. ಗಿಣಿಗೆ ಉಸಿರು ಕಡಿಯುವುದಿಲ್ಲ. ಹಾಗಾದರೆ ದಾಳಿ ಮುಗಿಯುವುದು ಯಾವಾಗ? ಅದಕ್ಕೆ ಮುಂದಿನ ಸಭೆಯವರು ಇನ್ನೊಂದು ನಿಯಮ ತಂದರು: ನೋಡುವವರು ಸಾಕು ಅಂದಾಗ.

ಈಗ ಮನೆಮನೆಯಲ್ಲೂ ಒಲೆಯ ಪಕ್ಕ ‘ಇನ್ನೂಗುಂಡಿ’ ಇದೆ. ಜನ ಅದನ್ನು ಒತ್ತುತ್ತಿರುವಷ್ಟು ಹೊತ್ತು ಅಂಕಣದ ನಡುಗೆರೆ ಕೆಂಪಗಿರುತ್ತದೆ. ಕೆಂಪು ಗೆರೆ ಮುಟ್ಟಿದರೂ ವಾಪಸು ಬಂದ ಹಾಗಲ್ಲ; ಅದು ಹಸಿರಾಗುವ ತನಕ ಎದುರಾಳಿಗಳ ನಡುವೆ ಓಡುತ್ತಲೇ ಇರಬೇಕು. ಸಾರಿಗೆ ಒಗ್ಗರಣೆ ಹಾಕುತ್ತಾ ಒತ್ತುತ್ತಾರೆ, ಕೂಸಿಗೆ ಉಣಿಸುತ್ತಾ ಕೂಸಿನ ಬೆರಳಲ್ಲೂ ಒತ್ತಿಸುತ್ತಾರೆ. ಹಗೆಗಲ್ಲ, ಪ್ರೀತಿಗೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ನನ್ನ ಮೊಮ್ಮಗಳು ಮಾದೇವಿ ನಮ್ಮ ತಂಡದ ದಾಳಿಗಾರ್ತಿ. ಪಕ್ಕದ ಮನೆ ರತ್ನಿ ನನ್ನೆದುರೇ ಹೇಳಿದಳು: “ನಮ್ ಮಾದೇವಿ ಇನ್ನೊಂಚೂರು ಕಾಣ್ಲಿ ಅಂತ ಒತ್ತೀನಿ ಕಣಜ್ಜಿ.”

“ಅಷ್ಟು ಪ್ರೀತಿ ಉಕ್ಕಿದ್ರೆ ಓಗಿ ನಿನ್ ಗಂಡನ್ ಮೂಗು ಇಡ್ಕೊಳ್ಳೇ,” ಅಂದೆ. ನಕ್ಕಳು. ಬೆರಳು ಮಾತ್ರ ತೆಗೆಯಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳು ಆಡುವಾಗ, ಗೆರೆ ದಾಟಿ ಬಂದ ಮಗುವಿನ ಬಾಯ ಮುಂದೆ ನಾವು ಅಜ್ಜಿಯರು ಅಂಗೈ ಹಿಡಿಯುತ್ತಿದ್ದೆವು. ಕೊನೆಯ ‘ಕಬಡ್ಡಿ’ಯ ಬಿಸಿ ಅಂಗೈಗೆ ತಗುಲಿದರೆ ಪಾಯಿಂಟು. ಮಾದೇವಿ ಉಸಿರು ಬಿಗಿಹಿಡಿಯಲು ಕಲಿತದ್ದು ನನ್ನ ಈ ಅಂಗೈ ಮುಂದೆ.

ಸೆಮಿಫೈನಲ್ಲಿನಲ್ಲಿ ಅವಳು ಕೆಂಪು ಗೆರೆಯ ಮೇಲೆಯೇ ಕುಸಿದಳು. ಕೊರಳುಗಿಣಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇತ್ತು. ಕಾವಲಿನವನ ಕೈ ಕಚ್ಚಿ ನಾನು ಒಳಗೆ ನುಗ್ಗಿದೆ. ಅಂಪೈರು ಅಡ್ಡ ನಿಂತ: “ಕಬಡ್ಡಿ ಅನ್ನೋದು ನಿಂತಿಲ್ಲ ಅಜ್ಜಿ, ಆಟ ನಿಲ್ಸಂಗಿಲ್ಲ.” ಅವನನ್ನು ತಳ್ಳಿ ಅವಳ ಬಾಯ ಮುಂದೆ ಅಂಗೈ ಹಿಡಿದೆ. ಗಿಣಿ ಕೂಗುತ್ತಿತ್ತು. ಅಂಗೈಗೆ ಏನೂ ತಗುಲಲಿಲ್ಲ.

ಡಾಕ್ಟರು ಹೇಗೋ ಬದುಕಿಸಿದರು. ಇನ್ನೊಮ್ಮೆ ಹೀಗಾದರೆ ಎದೆ ತಡೆಯದು ಎಂದರು. ಇವತ್ತು ಸಂಜೆ ಫೈನಲ್ಲು. ಹೋಗಬೇಡವೆಂದು ಬಾಗಿಲಿಗೆ ಅಡ್ಡ ಕೂತೆ. “ಬುಡಜ್ಜಿ, ಈಗ ಇಂದಕ್ ಸರಿದ್ರೆ ಊರೇ ಉಗಿತದೆ. ಗೆರೆ ಅಸ್ರಾದ್ ಕೂಡ್ಲೆ ಬಂದ್ಬುಡ್ತೀನಿ” ಎಂದು ನನ್ನನ್ನು ದಾಟಿಕೊಂಡು ಹೋದಳು. ಆಮೇಲೆ ನಾನು ಮನೆಮನೆಗೂ ಹೋಗಿ ಗುಂಡಿ ಒತ್ತಬೇಡಿ ಎಂದು ಕಾಲು ಹಿಡಿದೆ. ಎಲ್ಲರೂ ಆಗಲಿ ಅಂದರು. ಫೈನಲ್ಲಿನ ದಿನ ಯಾರು ತಾನೇ ಸುಮ್ಮನಿರುತ್ತಾರೆ?

ನಿಮ್ಮ ಕಾಲು ಬಿಟ್ಟರೆ ಹಿಡಿಯಲು ನನಗೆ ಇನ್ನು ಬೇರೆ ಕಾಲುಗಳಿಲ್ಲ. ಉಸಿರು ಕಡಿದರೆ ಔಟು ಎಂಬ ನಿಯಮವನ್ನು ಉಳಿಸಿಬಿಡಿ. ಆಟಗಾರರನ್ನು ಮನೆಗೆ ಕಳಿಸುತ್ತಿದ್ದದ್ದು ಅದೊಂದೇ. ನನ್ನ ಮಾದೇವಿ ಔಟಾಗಲಿ, ಸೋಲಲಿ, ಊರವರಿಂದ ಉಗಿಸಿಕೊಂಡು ಏದುಸಿರು ಬಿಡುತ್ತಾ ಬರಲಿ.

ಹಿನ್ನಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ರತ್ನಿಯ ಮನೆಯಿಂದ ಆಟ ಶುರುವಾದ ಸದ್ದು ಕೇಳುತ್ತಿದೆ. ಸಭೆಯಲ್ಲಿ ಒಪ್ಪಿಗೆಗೆ ಕೈ ಎತ್ತುತ್ತೀರಲ್ಲ, ಅದಕ್ಕೆ ಮುಂಚೆ ಅದೇ ಕೈಯನ್ನು ನಿಮ್ಮ ಬಾಯ ಮುಂದೆ ಹಿಡಿದು ನೋಡಿ. ಬಿಸಿ ತಗುಲುತ್ತದಲ್ಲ, ಅಷ್ಟನ್ನು ಅವಳಿಗೂ ಬಿಡಿ.